ಹಳೆ ದೊಡ್ಡ ಗಾಡಿ, ಹೊಸ ದೊಡ್ಡ ಗಾಡಿ: ನಿಜವಾದ ಮೈಲೇಜ್ ನೀವೇ ಅಳೆದು ನೋಡಿ

ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯ ಓದುಗರು ತಿರುಗಿ ತಿರುಗಿ ಕೇಳುವ ಪ್ರಶ್ನೆ ಒಂದೇ. "ಮನೇಲಿ ಹನ್ನೆರಡು ವರ್ಷದ ಸ್ಕಾರ್ಪಿಯೋ ಇದೆ. ಅದನ್ನ ಕೊಟ್ಟು ಸ್ಕಾರ್ಪಿಯೋ-ಎನ್ ತಗೊಂಡ್ರೆ ಮೈಲೇಜ್ ಜಾಸ್ತಿ ಬರುತ್ತಾ?" ಕೆಲವರು ಸ್ಕಾರ್ಪಿಯೋ ಜಾಗದಲ್ಲಿ ಫಾರ್ಚೂನರ್ ಅಂತಾರೆ, ಕೆಲವರು ಸಫಾರಿ ಅಂತಾರೆ. ಪ್ರಶ್ನೆ ಮಾತ್ರ ಅದೇ.

ಕೇಳೋದರಲ್ಲಿ ತಪ್ಪಿಲ್ಲ. ನಮ್ಮ ಕಡೆ ದೊಡ್ಡ ಗಾಡಿ ದಿನವೂ ದುಡಿಯುತ್ತದೆ. ಬೆಳಿಗ್ಗೆ ಹೊಲಕ್ಕೆ, ಮಧ್ಯಾಹ್ನ ಎಪಿಎಂಸಿಗೆ, ಅಮಾವಾಸ್ಯೆಗೆ ಮನೆಮಂದಿ ಎಲ್ಲರನ್ನೂ ಕೂರಿಸಿಕೊಂಡು ಮಂತ್ರಾಲಯಕ್ಕೋ ಹುಲಿಗಿಗೋ. ತಿಂಗಳಿಗೆ ಸಾವಿರ, ಒಂದೂವರೆ ಸಾವಿರ ಕಿಲೋಮೀಟರ್ ಸುಲಭವಾಗಿ ಓಡುತ್ತದೆ. ಡೀಸೆಲ್ ಖರ್ಚು ಸಣ್ಣ ಮಾತಲ್ಲ.

ಆದರೆ ಇದಕ್ಕೆ ನಾನು ಒಂದು ಅಂಕಿ ಹೇಳಿಬಿಟ್ಟರೆ ಅದು ನಿಮಗೆ ಉಪಯೋಗಕ್ಕೆ ಬರುವುದಿಲ್ಲ. ನಿಮ್ಮ ದಾರಿ, ನಿಮ್ಮ ಕಾಲು, ನಿಮ್ಮ ಗಾಡಿಯ ಸ್ಥಿತಿ ನನ್ನದಕ್ಕಿಂತ ಬೇರೆ. ಹಾಗಾಗಿ ಅಳೆಯುವ ಕ್ರಮವನ್ನೇ ಹೇಳುತ್ತೇನೆ. ಕೆಲವು ವಾರದ ತಾಳ್ಮೆ, ಒಂದು ನೋಟ್‌ಬುಕ್ಕು, ಹೊಸ ಗಾಡಿ ಇಟ್ಟಿರುವ ಒಬ್ಬ ನೆಂಟ ಅಥವಾ ಗೆಳೆಯ ಇದ್ದರೆ ಸಾಕು.

ಶುರು ಮಾಡುವ ಮುಂಚೆ: ಅಳತೆಗೋಲು ಬದಲಿಸಿ

ನಾವೆಲ್ಲ "ಲೀಟರಿಗೆ ಎಷ್ಟು ಕೊಡುತ್ತೆ" ಅಂತ ಕೇಳುತ್ತೇವೆ. ಒಂದೇ ಗಾಡಿಯ ಮಟ್ಟಿಗೆ ಅದು ಸರಿ. ಎರಡು ಗಾಡಿ ಹೋಲಿಸುವಾಗ ಈ ಲೆಕ್ಕ ದಾರಿ ತಪ್ಪಿಸುತ್ತದೆ. ಹೇಗೆ ಅಂತ ನೋಡಿ.

ಒಂದು ಗಾಡಿ ಲೀಟರಿಗೆ 8 ಕೊಡುತ್ತಿತ್ತು, ಹೊಸದು 10 ಕೊಡುತ್ತದೆ. ಇನ್ನೊಂದು ಮನೆಯಲ್ಲಿ 14 ಇದ್ದದ್ದು 16 ಆಯಿತು. ಇಬ್ಬರಿಗೂ 2 ಕಿಲೋಮೀಟರ್ ಲಾಭ, ಅಲ್ವಾ? ಈಗ 1,000 ಕಿ.ಮೀ. ಓಡಿಸಿ ನೋಡಿ. ಮೊದಲ ಮನೆಯಲ್ಲಿ 125 ಲೀಟರ್ ಬೇಕಾಗಿದ್ದ ಕಡೆ 100 ಸಾಕು. 25 ಲೀಟರ್ ಉಳಿಯಿತು. ಎರಡನೇ ಮನೆಯಲ್ಲಿ ಸುಮಾರು 71.5 ಲೀಟರ್ ಇದ್ದದ್ದು 62.5 ಆಯಿತು. ಉಳಿದದ್ದು 9 ಲೀಟರ್ ಮಾತ್ರ.

ಆದ್ದರಿಂದ ನೋಟ್‌ಬುಕ್ಕಿನಲ್ಲಿ "100 ಕಿ.ಮೀ.ಗೆ ಎಷ್ಟು ಲೀಟರ್" ಅಂತ ಬರೆಯಿರಿ. ಲೀಟರನ್ನು ಕಿಲೋಮೀಟರಿನಿಂದ ಭಾಗಿಸಿ, 100ರಿಂದ ಗುಣಿಸಿದರೆ ಬಂತು. ದೊಡ್ಡ ಗಾಡಿಗಳ ಲೆಕ್ಕದಲ್ಲಿ ಇದು ಬಹಳ ಮುಖ್ಯ. ಅವು ಮೊದಲೇ ಜಾಸ್ತಿ ಕುಡಿಯುವುದರಿಂದ, ಲೀಟರಿಗೆ ಒಂದೇ ಒಂದು ಕಿಲೋಮೀಟರ್ ಹೆಚ್ಚಾದರೂ ದುಡ್ಡಿನಲ್ಲಿ ದೊಡ್ಡದಾಗುತ್ತದೆ.

ಕಂಪನಿ ಹೇಳುವ ಅಂಕಿ ಎಲ್ಲಿಂದ ಬರುತ್ತದೆ

ಶೋರೂಂನಲ್ಲಿ ಹೇಳುವುದು ಪರೀಕ್ಷಾಲಯದ ಅಂಕಿ, ಅದನ್ನೇ "ಎಆರ್‌ಎಐ ಮೈಲೇಜ್" ಅಂತಾರೆ. ಎಆರ್‌ಎಐ ಅಂದರೆ ಪುಣೆಯಲ್ಲಿರುವ ವಾಹನ ಸಂಶೋಧನಾ ಸಂಸ್ಥೆ. ಇಂಥ ಕಡೆ ಗಾಡಿಯನ್ನು ರೋಲರ್ ಮೇಲೆ ನಿಲ್ಲಿಸಿ, ಗೊತ್ತುಪಡಿಸಿದ ಒಂದು ಕ್ರಮದಲ್ಲಿ ಓಡಿಸುತ್ತಾರೆ. ಪರೀಕ್ಷೆ ಸುಮಾರು 20 ನಿಮಿಷದ್ದು. ಓಡುವ ದೂರ ಹತ್ತು-ಹನ್ನೊಂದು ಕಿಲೋಮೀಟರ್, ಗರಿಷ್ಠ ವೇಗ ಗಂಟೆಗೆ 90, ಸರಾಸರಿ ವೇಗ 30 ಚಿಲ್ಲರೆ. ಎಸಿ ಬಂದ್. ಗಾಳಿ ಇಲ್ಲ, ಗುಂಡಿ ಇಲ್ಲ, ಹಿಂದಿನ ಸೀಟಿನಲ್ಲಿ ಐದು ಜನ ಇಲ್ಲ. ಮೇ ತಿಂಗಳ ರಾಯಚೂರು ಅಂತೂ ಇಲ್ಲವೇ ಇಲ್ಲ.

ಆ ಅಂಕಿ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಒಂದೇ ಗಾಡಿಯ ಎರಡು ಮಾದರಿ ಹೋಲಿಸಲು ಅದು ಒಳ್ಳೆಯದೇ. 2023ರ ಡೀಸೆಲ್ ಸಫಾರಿಗೆ ಮ್ಯಾನ್ಯುವಲ್ ಗೇರಿನಲ್ಲಿ 16.30, ಆಟೋಮ್ಯಾಟಿಕ್‌ನಲ್ಲಿ 14.50 ಅಂತ ಕಂಪನಿ ಹೇಳಿತ್ತು. ಎಂಜಿನ್ ಒಂದೇ, ಗೇರ್‌ಬಾಕ್ಸ್ ಮಾತ್ರ ಬೇರೆ, ಅಷ್ಟಕ್ಕೇ ಇಷ್ಟು ಅಂತರ. ಹಾಗಾಗಿ ಹಳೆ ಮ್ಯಾನ್ಯುವಲ್ ಗಾಡಿಯನ್ನು ಹೊಸ ಆಟೋಮ್ಯಾಟಿಕ್ ಜೊತೆ ಹೋಲಿಸುವಾಗ ಎಂಜಿನ್‌ನ ಗುಣ ಯಾವುದು, ಗೇರಿನ ಗುಣ ಯಾವುದು ಅಂತ ಬೇರ್ಪಡಿಸಿ ಯೋಚಿಸಿ.

ಏನೇನು ಬೇಕು

ಜಿಪಿಎಸ್ ಇರುವ ಫೋನು. ಗಾಳಿ ಒತ್ತಡ ನೋಡುವ ಗೇಜು; ಇದು ಸ್ವಂತದ್ದಿರಲಿ, ಒಂದೊಂದು ಪಂಕ್ಚರ್ ಅಂಗಡಿಯ ಗೇಜು ಒಂದೊಂದು ಹೇಳುತ್ತದೆ. ನೋಟ್‌ಬುಕ್ಕು, ಪೆನ್ನು. ಬಂಕಿನ ಬಿಲ್ಲುಗಳನ್ನು ಇಡಲು ಒಂದು ಕವರು. ಎರಡೂ ಗಾಡಿಗೆ ಒಬ್ಬನೇ ಡ್ರೈವರ್. ಈ ಕೊನೆಯದನ್ನು ಬಿಟ್ಟುಕೊಡಬೇಡಿ. ಇಬ್ಬರು ಓಡಿಸಿದರೆ ನೀವು ಅಳೆಯೋದು ಗಾಡಿಯನ್ನಲ್ಲ, ಇಬ್ಬರ ಕಾಲನ್ನು.

ಹಂತ 1: ಎರಡೂ ಗಾಡಿ ಆರೋಗ್ಯವಾಗಿರಲಿ

ಸರ್ವೀಸ್ ಕಾಣದ ಹಳೆ ಗಾಡಿಯನ್ನು ಹೊಸದರ ಪಕ್ಕ ನಿಲ್ಲಿಸಿ ಅಳೆದರೆ ಹಳೆಯದಕ್ಕೆ ಅನ್ಯಾಯ. ಆಯಿಲ್, ಡೀಸೆಲ್ ಫಿಲ್ಟರ್, ಏರ್ ಫಿಲ್ಟರ್ ಬದಲಿಸಿ ಒಂದೆರಡು ವಾರ ಓಡಿಸಿ, ಆಮೇಲೆ ಅಳೆಯಿರಿ. ಸಂಡೂರು, ತೋರಣಗಲ್ಲು ಕಡೆ ಓಡಾಡುವ ಗಾಡಿಯ ಏರ್ ಫಿಲ್ಟರ್ ಬಿಚ್ಚಿ ನೋಡಿದ್ದೀರಾ? ಮಡಿಕೆ ಮಡಿಕೆಯಲ್ಲೂ ಕೆಂಪು ಧೂಳು ಕೂತು, ನೆಲಕ್ಕೆ ಕುಟ್ಟಿದರೆ ಕುಂಕುಮ ಚೆಲ್ಲಿದ ಹಾಗೆ ಬೀಳುತ್ತದೆ. ಅದಿರು ಲಾರಿಗಳ ಹಿಂದೆ ಓಡುವವರು ಕಂಪನಿ ಪುಸ್ತಕದಲ್ಲಿ ಬರೆದ ಕಿಲೋಮೀಟರ್‌ವರೆಗೆ ಕಾಯಬಾರದು.

ಹಳೆ ಗಾಡಿಯಲ್ಲಿ ಯಾರೂ ನೋಡದ ಕಳ್ಳ ಒಂದಿದೆ. ಅದು ಹಿಡಿದುಕೊಂಡ ಬ್ರೇಕು. ಹೆಚ್ಚು ಬ್ರೇಕ್ ಒತ್ತದೆ ಹತ್ತು ಕಿಲೋಮೀಟರ್ ಓಡಿಸಿ, ಗಾಡಿ ತಾನಾಗಿ ನಿಲ್ಲುವ ಹಾಗೆ ಬಿಟ್ಟು ನಿಲ್ಲಿಸಿ. ಇಳಿದು ನಾಲ್ಕೂ ಚಕ್ರದ ಹತ್ತಿರ ಅಂಗೈ ಹಿಂಭಾಗ ಹಿಡಿಯಿರಿ, ಮುಟ್ಟಬೇಡಿ, ಸುಡಬಹುದು. ಮೂರು ಚಕ್ರ ಬೆಚ್ಚಗಿದ್ದು ಒಂದು ಮಾತ್ರ ಕಾಯುತ್ತಿದ್ದರೆ ಅಲ್ಲಿ ಬ್ರೇಕ್ ಬಿಡುತ್ತಿಲ್ಲ. ಅದನ್ನು ಸರಿಮಾಡದೆ ಅಳೆದ ಮೈಲೇಜಿಗೆ ಅರ್ಥವಿಲ್ಲ.

ಟೈರ್ ಗಾಳಿಯನ್ನು ಬೆಳಿಗ್ಗೆ, ಟೈರ್ ತಣ್ಣಗಿರುವಾಗ ನೋಡಿ. ಎಷ್ಟಿರಬೇಕು ಅಂತ ಡ್ರೈವರ್ ಬಾಗಿಲಿನ ಹತ್ತಿರ ಅಂಟಿಸಿದ ಚೀಟಿಯಲ್ಲಿ ಬರೆದಿರುತ್ತದೆ. ಮಧ್ಯಾಹ್ನ ಬಿಸಿ ಟೈರಿಗೆ ಗೇಜಿಟ್ಟು "ಜಾಸ್ತಿ ಇದೆ" ಅಂತ ಗಾಳಿ ಬಿಡಿಸುವುದು ನಮ್ಮ ಕಡೆ ತುಂಬಾ ನಡೆಯುತ್ತದೆ. ಹಾಗೆ ಮಾಡಿದರೆ ಮರುದಿನ ಬೆಳಿಗ್ಗೆ ಗಾಳಿ ಕಡಿಮೆಯಾಗಿರುತ್ತದೆ.

ಹೊಸ ಗಾಡಿಗೂ ಒಂದು ಷರತ್ತು. ಶೋರೂಂನಿಂದ ಬಂದ ಕೂಡಲೇ ಅಳೆಯಬೇಡಿ. ಎಂಜಿನ್ ಭಾಗಗಳು ಒಂದಕ್ಕೊಂದು ಹೊಂದಿಕೊಳ್ಳಬೇಕು. ಒಂದು ಐದು ಸಾವಿರ ಕಿ.ಮೀ. ಓಡಿರಲಿ.

ಮೇಲಿನ ಕ್ಯಾರಿಯರ್, ಮುಂದಿನ ಕಬ್ಬಿಣದ ಗಾರ್ಡು ಒಂದಕ್ಕಿದ್ದು ಇನ್ನೊಂದಕ್ಕಿಲ್ಲದಿದ್ದರೆ ತೆಗೆಸಿ.

ಹಂತ 2: ಕಿಲೋಮೀಟರ್ ಎಷ್ಟು ಸತ್ಯ?

ಲೀಟರ್ ಬಗ್ಗೆ ಎಲ್ಲರಿಗೂ ಅನುಮಾನ, ಕಿಲೋಮೀಟರ್ ಬಗ್ಗೆ ಯಾರಿಗೂ ಇಲ್ಲ. ಆದರೆ ಓಡೋಮೀಟರ್ ಎಣಿಸುವುದು ಚಕ್ರದ ಸುತ್ತುಗಳನ್ನು. ಟೈರ್ ಸವೆದು 6 ಮಿ.ಮೀ. ರಬ್ಬರ್ ಹೋಯಿತು ಅಂದರೆ ದೊಡ್ಡ ಎಸ್‌ಯುವಿಯ ಚಕ್ರದ ಅಳತೆ ಸುಮಾರು ಶೇ 1.5ರಷ್ಟು ಕಡಿಮೆಯಾಗುತ್ತದೆ. ಚಕ್ರ ಜಾಸ್ತಿ ಸುತ್ತುತ್ತದೆ, ಮೀಟರು ಇಲ್ಲದ ಕಿಲೋಮೀಟರ್ ತೋರಿಸುತ್ತದೆ. ಅಂದಕ್ಕೆ ದೊಡ್ಡ ಟೈರ್ ಹಾಕಿಸಿದವರಿಗೆ ಇದರ ಉಲ್ಟಾ. ಓಡಿದ್ದು ಜಾಸ್ತಿ, ತೋರಿಸುವುದು ಕಡಿಮೆ. "ಟೈರ್ ಬದಲಿಸಿದ ಮೇಲೆ ಮೈಲೇಜ್ ಬಿತ್ತು" ಅನ್ನುವ ದೂರಿನಲ್ಲಿ ಅರ್ಧ ಭಾಗ ಇದೇ ಇರುತ್ತದೆ.

ಪರಿಹಾರ ಸುಲಭ. ಹೆದ್ದಾರಿಯಲ್ಲಿ ತಲೆಗೆ ಹಳದಿ ಬಣ್ಣ ಬಳಿದ ಕಿಲೋಮೀಟರ್ ಕಲ್ಲು ನೋಡಿ. ಒಂದು ಕಲ್ಲಿನ ಹತ್ತಿರ ಟ್ರಿಪ್ ಮೀಟರ್ ಸೊನ್ನೆ ಮಾಡಿ. 20 ಕಿ.ಮೀ. ಆದಮೇಲೆ ಟ್ರಿಪ್ ಮೀಟರ್ ಎಷ್ಟು ತೋರಿಸುತ್ತದೆ ಬರೆದುಕೊಳ್ಳಿ. ಫೋನಿನ ಜಿಪಿಎಸ್ ಜೊತೆಗೂ ತಾಳೆ ನೋಡಿ, ಏಕೆಂದರೆ ರಸ್ತೆ ಅಗಲ ಮಾಡಿದ ಕಡೆ ಕಲ್ಲುಗಳು ಅಲ್ಲಲ್ಲಿ ಜಾಗ ಬದಲಿಸಿರುತ್ತವೆ. ಮೀಟರು 20.6 ತೋರಿಸಿದರೆ, 20ನ್ನು 20.6ರಿಂದ ಭಾಗಿಸಿ. 0.971 ಬರುತ್ತದೆ. ಇನ್ನು ಮುಂದೆ ಆ ಗಾಡಿಯ ಕಿಲೋಮೀಟರನ್ನೆಲ್ಲ ಇದರಿಂದ ಗುಣಿಸಬೇಕು. ಎರಡೂ ಗಾಡಿಗೆ ಬೇರೆ ಬೇರೆ ತೆಗೆಯಿರಿ.

ಹಂತ 3: ದಾರಿ ಆರಿಸಿ

ಒಂದೇ ದಾರಿಯಲ್ಲಿ ಅಳೆದರೆ ಸಾಲದು. ಹಳೆಯದಕ್ಕೂ ಹೊಸದಕ್ಕೂ ಅಂತರ ಒಂದೊಂದು ರಸ್ತೆಯಲ್ಲಿ ಒಂದೊಂದು ಥರ. ಮೂರು ಬಗೆ ಇರಲಿ.

ಮೊದಲನೆಯದು ನೇರ ಹೆದ್ದಾರಿ. ಹೊಸಪೇಟೆಯಿಂದ ಹಿಟ್ನಾಳ ಮೇಲೆ ಕುಷ್ಟಗಿವರೆಗೆ ರಾಷ್ಟ್ರೀಯ ಹೆದ್ದಾರಿ 50 ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಹೋಗಿ ಬಂದರೆ 120 ಕಿ.ಮೀ. ದಾಟುತ್ತದೆ. ಕೊಪ್ಪಳದವರು ಹಿಟ್ನಾಳದಲ್ಲೇ ಸೇರಿಕೊಳ್ಳಬಹುದು.

ಎರಡನೆಯದು ಊರೂರು ದಾಟುವ ರಸ್ತೆ. ಬಳ್ಳಾರಿ–ಸಿರುಗುಪ್ಪ–ಸಿಂಧನೂರು, ಅಂದರೆ 150ಎ. ಇಲ್ಲಿ ಹಂಪು, ಭತ್ತದ ಟ್ರ್ಯಾಕ್ಟರು, ಬಸ್ಸಿನ ಹಿಂದೆ ಕಾಯುವುದು, ಓವರ್‌ಟೇಕು, ಎಲ್ಲವೂ ಸಿಗುತ್ತದೆ. ನಮ್ಮಲ್ಲಿ ಬಹಳ ಜನ ನಿಜವಾಗಿ ಓಡಿಸುವುದು ಇಂಥ ರಸ್ತೆಯಲ್ಲೇ. ಕೊಯ್ಲಿನ ವಾರದಲ್ಲಿ ಅಳೆಯಬೇಡಿ. ರಸ್ತೆ ಮೇಲೆ ಭತ್ತ ಹರವಿರುತ್ತಾರೆ, ಒಂದು ದಿನದ ಹಾಗೆ ಇನ್ನೊಂದು ದಿನ ಇರುವುದಿಲ್ಲ.

ಮೂರನೆಯದು ಊರೊಳಗೆ. ಬಳ್ಳಾರಿಯಲ್ಲಿ ಮೋತಿ ಸರ್ಕಲ್‌ನಿಂದ ಕೌಲ್ ಬಜಾರ್ ಕಡೆ, ರಾಯಚೂರಿನಲ್ಲಿ ತೀನ್ ಕಂದೀಲ್ ಸುತ್ತ, ಸಂಜೆ ಹೊತ್ತು. ಊರೊಳಗಿನ ಅಳತೆಯನ್ನು ಒಂದು ದಿನದಲ್ಲಿ ಮುಗಿಸಲು ಆಗುವುದಿಲ್ಲ, ಒಂದು ವಾರದ ಓಡಾಟ ಸೇರಿಸಿ ಲೆಕ್ಕ ಹಾಕಿ.

ಹೋದ ದಾರಿಯಲ್ಲೇ ವಾಪಸ್ ಬರಬೇಕು. ಇದು ಯಾಕೆ ಅಂದರೆ, ನಮ್ಮ ಬಯಲು ಕಣ್ಣಿಗೆ ಸಪಾಟಾಗಿ ಕಂಡರೂ ಸಪಾಟಿಲ್ಲ. ಕೊಪ್ಪಳ ರಾಯಚೂರಿಗಿಂತ ನೂರು ಮೀಟರಿಗೂ ಜಾಸ್ತಿ ಎತ್ತರದಲ್ಲಿದೆ. ಅದಕ್ಕಿಂತ ದೊಡ್ಡದು ಗಾಳಿ. ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣ ಗಾಳಿ ಎಷ್ಟು ಬಲವಾಗಿರುತ್ತದೆ ಅಂತ ಕೊಪ್ಪಳ–ಗದಗ ಕಡೆ ಗುಡ್ಡದ ಮೇಲೆ ಸಾಲಾಗಿ ನಿಂತ ಗಾಳಿಯಂತ್ರಗಳನ್ನು ನೋಡಿದರೆ ಗೊತ್ತಾಗುತ್ತದೆ. ಆ ದಿನಗಳಲ್ಲಿ ಗದಗಿಗೆ ಹೋಗುವಾಗ ಎದುರುಗಾಳಿ, ಬರುವಾಗ ಬೆನ್ನುಗಾಳಿ. ಎತ್ತರದ, ಚಪ್ಪಟೆ ಮುಖದ ಗಾಡಿಗೆ ಇದು ದೊಡ್ಡ ವ್ಯತ್ಯಾಸ ಮಾಡುತ್ತದೆ. ಹೋಗುವಾಗಿನ ಮೈಲೇಜ್ ಮಾತ್ರ ಹೇಳಿ ವಾದ ಮಾಡುವವರನ್ನು ನಂಬಬೇಡಿ.

ಹಂತ 4: ಟ್ಯಾಂಕ್ ತುಂಬಿಸುವುದು

ಇಡೀ ಲೆಕ್ಕದ ಜೀವ ಇಲ್ಲಿದೆ. ಇಲ್ಲಿ ತಪ್ಪಿದರೆ ಉಳಿದದ್ದೆಲ್ಲ ಸುಮ್ನೆ.

ಕ್ರಮ ಹೀಗಿದೆ. ಬಂಕಿಗೆ ಹೋಗಿ ಟ್ಯಾಂಕ್ ಫುಲ್ ಮಾಡಿಸಿ. ನಾಝಲ್ ತಾನಾಗಿ ಒಮ್ಮೆ "ಟಕ್" ಅಂತ ಕಟ್ ಆಗುತ್ತದೆ. ಅಲ್ಲಿಗೇ ನಿಲ್ಲಿಸಿ. ಟ್ರಿಪ್ ಮೀಟರ್ ಸೊನ್ನೆ ಮಾಡಿ. ಓಡಿಸಿ ಬನ್ನಿ. ಅದೇ ಬಂಕು, ಅದೇ ಪಂಪು, ಗಾಡಿ ಅದೇ ದಿಕ್ಕಿಗೆ ನಿಂತಿರಲಿ. ಮತ್ತೆ ಮೊದಲ ಕಟ್ ಆಗುವವರೆಗೆ ತುಂಬಿಸಿ. ಈಗ ಹಿಡಿದಷ್ಟೇ ಲೀಟರ್ ನೀವು ಸುಟ್ಟದ್ದು.

ಕೇಳಲು ಸುಲಭ. ಬಂಕಿನಲ್ಲಿ ನಿಂತಾಗ ಏನಾಗುತ್ತೆ ಗೊತ್ತಲ್ಲ? ನಾಝಲ್ ಕಟ್ ಆಗುತ್ತದೆ, ಮೀಟರು 4,870 ರೂಪಾಯಿ ತೋರಿಸುತ್ತಿರುತ್ತದೆ. ಹುಡುಗ ಕೈ ಬಿಡುವುದಿಲ್ಲ. "ಐದು ಸಾವಿರಕ್ಕ ರೌಂಡ್ ಮಾಡ್ಲೇನ್ರಿ ಸರ್?" ಅನ್ನುತ್ತಾನೆ. ಡೀಸೆಲ್ ನೊರೆ ಏಳುತ್ತದೆ, ಹೀಗಾಗಿ ನೊರೆ ಇಳಿದ ಮೇಲೆ ಒಂದೂವರೆ ಲೀಟರ್ ಕೂಡ ಹಿಡಿಯಬಹುದು. ಒಮ್ಮೆ ರೌಂಡ್ ಮಾಡಿಸಿ, ಇನ್ನೊಮ್ಮೆ ಮಾಡಿಸದಿದ್ದರೆ ಲೆಕ್ಕ ಕೆಟ್ಟಿತು. "ಬ್ಯಾಡಪ್ಪಾ, ಕಟ್ ಆದಲ್ಲಿಗೇ ಬಿಡು" ಅಂತ ಮೊದಲೇ ಹೇಳಿ, ಗಾಡಿಯಿಂದ ಇಳಿದು ಪಕ್ಕದಲ್ಲೇ ನಿಂತುಕೊಳ್ಳಿ.

ಎಷ್ಟು ಕೆಡುತ್ತದೆ ಅಂತ ತೋರಿಸುತ್ತೇನೆ. 250 ಕಿ.ಮೀ. ಓಡಿದ್ದೀರಿ, ನಿಜವಾಗಿ 22 ಲೀಟರ್ ಸುಟ್ಟಿದೆ. ಅಂದರೆ ಲೀಟರಿಗೆ 11.4. ಮೊದಲ ಸಲ ಕುತ್ತಿಗೆವರೆಗೆ ತುಂಬಿಸಿ, ಎರಡನೇ ಸಲ ಮೊದಲ ಕಟ್‌ಗೇ ನಿಲ್ಲಿಸಿದ್ದರಿಂದ 20 ಲೀಟರ್ ಮಾತ್ರ ಹಿಡಿಯಿತು ಅಂದುಕೊಳ್ಳಿ. ಲೆಕ್ಕದಲ್ಲಿ 12.5 ಬರುತ್ತದೆ. ಎರಡು ಲೀಟರಿನ ಎಡವಟ್ಟು ಲೀಟರಿಗೆ ಒಂದು ಕಿಲೋಮೀಟರಿಗೂ ಜಾಸ್ತಿ ಸುಳ್ಳು ಹೇಳಿಸಿತು. ಹಳೆ ಗಾಡಿಗೂ ಹೊಸ ಗಾಡಿಗೂ ಇರುವ ನಿಜವಾದ ಅಂತರವೇ ಕೆಲವೊಮ್ಮೆ ಅಷ್ಟಿರುತ್ತದೆ!

ನನಗೂ ಹೀಗೆ ಆಗಿದೆ. ಮೊದಲ ಸಲ ನಮ್ಮ ಹಳೆ ಗಾಡಿ ಅಳೆದಾಗ ಊರಿನ ಬಂಕಿನಲ್ಲಿ ತುಂಬಿಸಿ, ದಾರಿಯ ಬೇರೆ ಬಂಕಿನಲ್ಲಿ ಮತ್ತೆ ತುಂಬಿಸಿದ್ದೆ. ಅಲ್ಲಿ ನೆಲ ಒಂದು ಕಡೆಗೆ ವಾಲಿತ್ತು, ನಾಝಲ್ ಬೇಗ ಕಟ್ ಆಯಿತು. ಬಂದ ಅಂಕಿ ಎಷ್ಟು ಚೆನ್ನಾಗಿತ್ತು ಅಂದರೆ ಮನೆಯಲ್ಲಿ ಎಲ್ಲರಿಗೂ ಹೇಳಿಬಿಟ್ಟೆ. ಮುಂದಿನ ಮೂರು ಅಳತೆಯಲ್ಲಿ ಒಂದೂ ಅದರ ಹತ್ತಿರ ಬರಲಿಲ್ಲ.

ಇದರಿಂದ ಪಾರಾಗಲು ಎರಡು ದಾರಿ. ಒಂದು, ಜಾಸ್ತಿ ದೂರ ಓಡಿಸಿ. 40 ಲೀಟರ್ ಸುಟ್ಟ ಮೇಲೆ ತುಂಬಿಸಿದರೆ ಅದೇ ಎರಡು ಲೀಟರಿನ ತಪ್ಪು ಅರ್ಧಕ್ಕೆ ಇಳಿಯುತ್ತದೆ. ಎರಡು, ಪ್ರತಿ ದಾರಿಗೂ ಕನಿಷ್ಠ ಮೂರು ಸಲ ಅಳೆದು, ಒಟ್ಟು ಲೀಟರ್, ಒಟ್ಟು ಕಿಲೋಮೀಟರ್ ಸೇರಿಸಿ ಭಾಗಿಸಿ. ಮೂರು ಮೈಲೇಜ್ ಅಂಕಿಗಳ ಸರಾಸರಿ ತೆಗೆಯಬೇಡಿ, ಅದು ಬೇರೆ ಉತ್ತರ ಕೊಡುತ್ತದೆ.

ಬಂಕಿನ ಅಳತೆ ಬಗ್ಗೆಯೇ ಅನುಮಾನ ಇದ್ದರೆ ಸುಮ್ಮನಿರಬೇಕಿಲ್ಲ. ಪ್ರತಿ ಬಂಕಿನಲ್ಲೂ ಸೀಲ್ ಇರುವ 5 ಲೀಟರಿನ ಅಳತೆ ಪಾತ್ರೆ ಇರಲೇಬೇಕು. ಕೇಳಿದರೆ ಎದುರಿಗೇ ಅಳೆದು ತೋರಿಸಬೇಕು. 5 ಲೀಟರಿಗೆ 25 ಮಿಲಿ ಆಚೀಚೆ ಇರಬಹುದು, ಅದಕ್ಕಿಂತ ಕಡಿಮೆ ಬಂದರೆ ಕಾನೂನು ಮಾಪನಶಾಸ್ತ್ರ ಇಲಾಖೆಗೆ ದೂರು ಕೊಡಬಹುದು.

ಗಾಡಿಯ ಡಿಸ್‌ಪ್ಲೇ ತೋರಿಸುವ ಆವರೇಜ್? ಅದನ್ನೂ ಬರೆದುಕೊಳ್ಳಿ, ಆದರೆ ತೀರ್ಪಿಗೆ ಬಳಸಬೇಡಿ. ಬಹಳಷ್ಟು ಗಾಡಿಗಳಲ್ಲಿ ಅದು ಸ್ವಲ್ಪ ಜಾಸ್ತಿಯೇ ತೋರಿಸುತ್ತದೆ. ಟ್ಯಾಂಕ್ ಲೆಕ್ಕಕ್ಕೂ ಡಿಸ್‌ಪ್ಲೇಗೂ ಎಷ್ಟು ಅಂತರ ಅಂತ ನಾಲ್ಕೈದು ಸಲ ನೋಡಿದರೆ, ನಿಮ್ಮ ಗಾಡಿಯ ಡಿಸ್‌ಪ್ಲೇಯಿಂದ ಎಷ್ಟು ಕಳೆಯಬೇಕು ಅಂತ ತಿಳಿಯುತ್ತದೆ. ಹಳೆ ಗಾಡಿಯ ಟ್ಯಾಂಕ್ ಲೆಕ್ಕವನ್ನು ಹೊಸ ಗಾಡಿಯ ಡಿಸ್‌ಪ್ಲೇ ಅಂಕಿ ಜೊತೆ ಹೋಲಿಸುವುದೇ ನಾನು ಕಂಡ ಅತಿ ದೊಡ್ಡ ತಪ್ಪು. ಹಳೆಯದರಲ್ಲಿ ಡಿಸ್‌ಪ್ಲೇ ಇರುವುದಿಲ್ಲ, ಹೊಸದರಲ್ಲಿ ಲೆಕ್ಕ ಮಾಡುವ ತಾಳ್ಮೆ ಇರುವುದಿಲ್ಲ.

ಹಂತ 5: ಒಂದೇ ರೀತಿ ಓಡಿಸಿ

ವೇಗ ಮೊದಲೇ ತೀರ್ಮಾನ ಮಾಡಿ. ನಾನು ಗಂಟೆಗೆ 80 ಅನ್ನುತ್ತೇನೆ, ಅದೂ ಜಿಪಿಎಸ್ ತೋರಿಸುವ 80. ಸ್ಪೀಡೋಮೀಟರ್‌ಗಳು ಬೇಕಂತಲೇ ಸ್ವಲ್ಪ ಜಾಸ್ತಿ ತೋರಿಸುವ ಹಾಗೆ ಮಾಡಿರುತ್ತಾರೆ, ಒಂದೊಂದು ಗಾಡಿಯಲ್ಲಿ ಒಂದೊಂದಷ್ಟು.

ವೇಗಕ್ಕೆ ಯಾಕಿಷ್ಟು ಮಹತ್ವ? ಗಾಳಿಯ ತಡೆ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. 80ರಿಂದ 100ಕ್ಕೆ ಹೋದರೆ ವೇಗ ಜಾಸ್ತಿಯಾದದ್ದು ಕಾಲು ಪಾಲು, ಗಾಳಿಯ ತಡೆ ಮಾತ್ರ ಶೇ 56 ಹೆಚ್ಚು. ಹೊಸ ಗಾಡಿಗಳು ಒಳಗೆ ನಿಶ್ಶಬ್ದ. 100 ಓಡುತ್ತಿದ್ದರೂ 80ರ ಹಾಗೆ ಅನ್ನಿಸುತ್ತದೆ. ಹಳೆ ಸಫಾರಿಯಲ್ಲಿ 90 ಆದ ಕೂಡಲೇ ಕಿಟಕಿಯಿಂದ ಗಾಳಿ ಸದ್ದು, ಎಂಜಿನ್ ಸದ್ದು ಸೇರಿ ಕಾಲು ತಾನಾಗಿ ಹಗುರಾಗುತ್ತಿತ್ತು. "ಹೊಸದು ತಗೊಂಡೆ, ಮೈಲೇಜ್ ಅಷ್ಟೇ ಇದೆ" ಅನ್ನುವವರನ್ನು ಕೇಳಿ ನೋಡಿ. ಹೊಸಪೇಟೆಗೆ ಮೊದಲಿಗಿಂತ ಬೇಗ ಮುಟ್ಟುತ್ತಿರುತ್ತಾರೆ.

ಎಸಿ ಎರಡರಲ್ಲೂ ಒಂದೇ ಮಟ್ಟಕ್ಕಿರಲಿ. ಬೇಸಿಗೆಯಲ್ಲಿ ಬಳ್ಳಾರಿ 40 ಡಿಗ್ರಿ ದಾಟುತ್ತದೆ, ಎಸಿ ಬಂದ್ ಮಾಡಿ ಅಳೆದರೆ ಅದು ನಿಮ್ಮ ನಿಜವಾದ ಖರ್ಚಲ್ಲ. ಜನ, ಸಾಮಾನು ಅಷ್ಟೇ ಇರಲಿ. ಹೊಸ ಗಾಡಿಗಳಲ್ಲಿ ಡ್ರೈವ್ ಮೋಡ್ ಇರುತ್ತವೆ. ಸ್ಕಾರ್ಪಿಯೋ-ಎನ್‌ನಲ್ಲಿ ಝಿಪ್, ಝ್ಯಾಪ್, ಝೂಮ್ ಅಂತ ಮೂರು. ನೀವು ದಿನವೂ ಯಾವುದರಲ್ಲಿ ಓಡಿಸುತ್ತೀರೋ ಅದರಲ್ಲೇ ಅಳೆಯಿರಿ.

ಬಿಎಸ್-6 (ಹೊಗೆಗೆ ಸರ್ಕಾರ ಹಾಕಿರುವ ಈಗಿನ ಮಿತಿ) ಡೀಸೆಲ್ ಗಾಡಿಗೆ ಒಂದು ಎಚ್ಚರಿಕೆ. 2020ರ ಏಪ್ರಿಲ್ 1ರ ನಂತರ ಬಂದ ಡೀಸೆಲ್ ಗಾಡಿಗಳಲ್ಲಿ ಡಿಪಿಎಫ್ ಇರುತ್ತದೆ, ಅಂದರೆ ಹೊಗೆಯ ಮಸಿ ಹಿಡಿಯುವ ಜಾಲರಿ. ಅದು ತುಂಬಿದಾಗ ಎಂಜಿನ್ ಸ್ವಲ್ಪ ಹೆಚ್ಚು ಡೀಸೆಲ್ ಕಳಿಸಿ ಮಸಿಯನ್ನು ಸುಟ್ಟು ಹಾಕುತ್ತದೆ. ಇದಕ್ಕೆ ರೀಜನರೇಷನ್ ಅಂತಾರೆ. ಗಾಡಿ ನಿಂತಿದ್ದಾಗ ಆರ್‌ಪಿಎಂ ಸ್ವಲ್ಪ ಏರಿದ್ದರೆ, ಆಫ್ ಮಾಡಿದ ಮೇಲೂ ಫ್ಯಾನ್ ಜೋರಾಗಿ ತಿರುಗುತ್ತಿದ್ದರೆ ಅದು ನಡೆದಿರಬಹುದು. ಆ ದಿನದ ಅಳತೆ ಬಿಸಾಡಬೇಡಿ, ಪಕ್ಕದಲ್ಲಿ ಒಂದು ಗುರುತು ಹಾಕಿ. ಬರೀ ಊರೊಳಗೆ ಓಡಿಸುವವರಿಗೆ ಇದು ಮೇಲಿಂದ ಮೇಲೆ ಬರುತ್ತದೆ, ಅಂಥವರ ಮಟ್ಟಿಗೆ ಅದು ನಿಜವಾದ ಖರ್ಚೇ.

ಹಂತ 6: ಲೆಕ್ಕ

ಇಲ್ಲಿ ಹಾಕಿರುವುದು ಕ್ರಮ ತೋರಿಸಲು ಹಿಡಿದ ಅಂಕಿಗಳು. ಯಾವುದೇ ಒಂದು ಗಾಡಿಯದ್ದು ಅಂದುಕೊಳ್ಳಬೇಡಿ.

ಹಳೆಯದು: ಟ್ರಿಪ್ ಮೀಟರ್ 412 ಕಿ.ಮೀ. ಹಂತ 2ರ 0.971ರಿಂದ ಗುಣಿಸಿದರೆ ನಿಜ ದೂರ 400. ಹಿಡಿದ ಡೀಸೆಲ್ 36 ಲೀಟರ್. 36 ಭಾಗಿಸು 400, ಗುಣಿಸು 100. 100 ಕಿ.ಮೀ.ಗೆ 9 ಲೀಟರ್.

ಹೊಸದು: ಟ್ರಿಪ್ ಮೀಟರ್ 405, ಅದರ ಗುಣಕ 0.99, ನಿಜ ದೂರ 401. ಡೀಸೆಲ್ 30.9 ಲೀಟರ್. 100 ಕಿ.ಮೀ.ಗೆ 7.7 ಲೀಟರ್.

ಅಂತರ 1.3 ಲೀಟರ್. ಮೂರೂ ದಾರಿಗೆ ಹೀಗೆ ತೆಗೆದು, ನಿಮ್ಮ ತಿಂಗಳ ಓಡಾಟದಲ್ಲಿ ಹೆದ್ದಾರಿ ಎಷ್ಟು, ಹಳ್ಳಿ ರಸ್ತೆ ಎಷ್ಟು, ಊರೊಳಗೆ ಎಷ್ಟು ಅಂತ ಹಂಚಿ.

ಅಂಕಿ ಬಂದಮೇಲೆ ಕಾರಣ ಹುಡುಕಬೇಕು, ಅಲ್ವಾ? ಫಾರ್ಚೂನರ್ ಇದಕ್ಕೆ ಒಳ್ಳೆಯ ಉದಾಹರಣೆ. 2009ರಲ್ಲಿ ಬಂದದ್ದು 3.0 ಲೀಟರ್ ಎಂಜಿನ್, 171 ಪಿಎಸ್ ಶಕ್ತಿ, 343 ನ್ಯೂಟನ್ ಮೀಟರ್ ಟಾರ್ಕ್ (ಟಾರ್ಕ್ ಅಂದರೆ ಎಳೆಯುವ ಬಲ), ಐದು ಗೇರು. ನಾಲ್ಕೂ ಚಕ್ರಕ್ಕೆ ಯಾವಾಗಲೂ ಬಲ ಹೋಗುತ್ತಿತ್ತು. 2016ರ ಕೊನೆಗೆ ಬಂದ ಹೊಸದರಲ್ಲಿ 2.8 ಲೀಟರ್, ಆರು ಗೇರು, ಬೇಕಾದಾಗ ಮಾತ್ರ ಫೋರ್ ವೀಲ್. 2021ರ ಆಟೋಮ್ಯಾಟಿಕ್‌ನಲ್ಲಿ 204 ಪಿಎಸ್, 500 ನ್ಯೂಟನ್ ಮೀಟರ್. ಎಂಜಿನ್ ಚಿಕ್ಕದು, ಬಲ ಜಾಸ್ತಿ, ಹೆದ್ದಾರಿಯಲ್ಲಿ ನಿಧಾನಕ್ಕೆ ತಿರುಗುತ್ತದೆ. ಹೆದ್ದಾರಿಯಲ್ಲಿ ಹೊಸದು ಗೆಲ್ಲುವುದು ಇದರಿಂದ.

ಸಫಾರಿಯ ಕಥೆ ಇನ್ನೂ ಬೇರೆ. 1998ರಿಂದ ಬಂದ ಸಫಾರಿ ಚಾಸಿ ಮೇಲೆ ಕೂತ ಗಾಡಿ, ಬಲ ಹಿಂದಿನ ಚಕ್ರಕ್ಕೆ. 2021ರ ಸಫಾರಿಗೆ ಬೇರೆ ಚಾಸಿಯೇ ಇಲ್ಲ, ಬಾಡಿಯೇ ಚಾಸಿ. ಬಲ ಮುಂದಿನ ಚಕ್ರಕ್ಕೆ, 2.0 ಲೀಟರ್ ಎಂಜಿನ್. ಹೆಸರು ಒಂದೇ ಅಂತ ಇವೆರಡನ್ನು ಅಣ್ಣ ತಮ್ಮ ಅಂದುಕೊಂಡು ಹೋಲಿಸಬಾರದು. ಹೊಲದ ಕೆಸರಿನಲ್ಲಿ ಅವುಗಳ ಕೆಲಸವೂ ಬೇರೆ.

ಊರೊಳಗೆ ಮಾತ್ರ ಅಂತರ ಬಹಳ ಸಲ ಕರಗಿಹೋಗುತ್ತದೆ. ಅಲ್ಲಿ ತೂಕವೇ ಯಜಮಾನ. ಎರಡು ಟನ್ ಗಾಡಿಯನ್ನು ಪ್ರತಿ ಸರ್ಕಲ್‌ನಲ್ಲಿ ನಿಲ್ಲಿಸಿ ಎಬ್ಬಿಸಬೇಕು. ಹೊಸದರಲ್ಲಿ ಏರ್‌ಬ್ಯಾಗು, ಸನ್‌ರೂಫು, ದೊಡ್ಡ ಚಕ್ರ ಸೇರಿ ತೂಕ ಕೂಡಿಕೊಂಡಿರುತ್ತದೆ. ಸರ್ಕಲ್‌ನಲ್ಲಿ ಸರ್ಕಲ್‌ನಲ್ಲಿ ನಿಂತು ಹೊರಡುವ ಹೊಸ ಆಟೋಮ್ಯಾಟಿಕ್, ಹಳೆ ಮ್ಯಾನ್ಯುವಲ್‌ಗಿಂತ ಹಿಂದೆ ಬಿದ್ದರೆ ಆಶ್ಚರ್ಯಪಡಬೇಡಿ.

ಹಂತ 7: ರೂಪಾಯಿಗೆ ತನ್ನಿ

ಡೀಸೆಲ್ ಲೀಟರಿಗೆ 90 ರೂಪಾಯಿ ಅಂತ ಹಿಡಿಯೋಣ, ನೀವು ಇವತ್ತಿನ ದರ ಹಾಕಿಕೊಳ್ಳಿ. 1.3 ಲೀಟರ್ ಉಳಿತಾಯ ಅಂದರೆ 100 ಕಿ.ಮೀ.ಗೆ 117 ರೂಪಾಯಿ. ತಿಂಗಳಿಗೆ 1,500 ಕಿ.ಮೀ. ಓಡಿದರೆ 1,755. ವರ್ಷಕ್ಕೆ ಸುಮಾರು 21,000.

ಇದರಲ್ಲಿ ಕಳೆಯುವುದಿದೆ. ಈಗಿನ ಹಲವು ಡೀಸೆಲ್ ಗಾಡಿಗಳಿಗೆ ಡಿಇಎಫ್ ಹಾಕಬೇಕು. ಅದು ಹೊಗೆಯಲ್ಲಿರುವ ವಿಷದ ಅನಿಲ ಕಡಿಮೆ ಮಾಡುವ ಯೂರಿಯಾ ನೀರು. ಬೇರೆಯೇ ಟ್ಯಾಂಕು, ಬೇರೆಯೇ ಮುಚ್ಚಳ. ಡೀಸೆಲ್ ಟ್ಯಾಂಕಿಗೆ ಮಾತ್ರ ಅಪ್ಪಿತಪ್ಪಿಯೂ ಸುರಿಯಬೇಡಿ. ಎಷ್ಟು ಕ್ಯಾನ್ ಹಿಡಿಯಿತು ಅಂತ ಬರೆದಿಟ್ಟು ಆ ದುಡ್ಡನ್ನೂ ಹೊಸ ಗಾಡಿಯ ಖಾತೆಗೆ ಹಾಕಿ. ವಿಮೆ ಹೊಸದಕ್ಕೆ ಜಾಸ್ತಿ. ಹಳೆಯದರ ಖಾತೆಗೆ ರಿಪೇರಿ ಖರ್ಚು ಬರೆಯಿರಿ. 15 ವರ್ಷ ಆಗಿದ್ದರೆ ಆರ್‌ಸಿ ನವೀಕರಣದ ಖರ್ಚನ್ನೂ ಬಿಡಬೇಡಿ.

ಈಗ ಎದುರಿಗಿಟ್ಟು ನೋಡಿ. ವರ್ಷಕ್ಕೆ 21,000 ಉಳಿಸಲು ಇಪ್ಪತ್ತು ಲಕ್ಷದ ಗಾಡಿ. ಮೈಲೇಜ್ ಒಂದೇ ಕಾರಣಕ್ಕೆ ಚೆನ್ನಾಗಿರುವ ಹಳೆ ಗಾಡಿ ಮಾರಬೇಡಿ ಅಂತ ನಾನು ಕೇಳಿದವರಿಗೆಲ್ಲ ಹೇಳುತ್ತೇನೆ. ಏರ್‌ಬ್ಯಾಗ್, ಒಳ್ಳೆಯ ಬ್ರೇಕು, ಮಕ್ಕಳ ಸುರಕ್ಷತೆಗಾಗಿ ಬದಲಿಸುತ್ತೀರಾ? ಅದು ಸರಿಯಾದ ಕಾರಣ, ಧೈರ್ಯವಾಗಿ ಬದಲಿಸಿ. ಬ್ಯಾಂಕಿನ ಕಂತಿಗೆ ಡೀಸೆಲ್ ಉಳಿತಾಯ ಸಾಕಾಗುತ್ತೆ ಅಂತ ಮಾತ್ರ ಯಾರಾದರೂ ಹೇಳಿದರೆ ಈ ಲೆಕ್ಕ ತೆಗೆದು ತೋರಿಸಿ.

ಹೊಸದು ಪೆಟ್ರೋಲ್ ಆದರೆ?

ಆಗ ಲೀಟರ್ ಹೋಲಿಸಬೇಡಿ. ಒಂದು ಲೀಟರ್ ಡೀಸೆಲ್‌ನಲ್ಲಿ ಪೆಟ್ರೋಲ್‌ಗಿಂತ ನೂರಕ್ಕೆ ಹತ್ತು ಪಾಲಿನಷ್ಟು ಜಾಸ್ತಿ ಶಕ್ತಿ ಇರುತ್ತದೆ, ದರವೂ ಬೇರೆ. ನೇರವಾಗಿ 100 ಕಿ.ಮೀ.ಗೆ ಎಷ್ಟು ರೂಪಾಯಿ ಅಂತ ನೋಡಿ. ಈಗಿನ ಪೆಟ್ರೋಲ್‌ನಲ್ಲಿ ಶೇ 20ರವರೆಗೆ ಎಥೆನಾಲ್ ಇರುತ್ತದೆ. ಎಥೆನಾಲ್‌ನ ಶಕ್ತಿ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಅದಕ್ಕೆಂದು ತಯಾರಾಗದ ಹಳೆ ಕಾರುಗಳಲ್ಲಿ ಮೈಲೇಜ್ ಶೇ 6–7 ಇಳಿಯಬಹುದು ಅಂತ ನೀತಿ ಆಯೋಗದ 2021ರ ವರದಿಯೇ ಅಂದಾಜು ಮಾಡಿತ್ತು. ಹಾಗಾಗಿ ಐದಾರು ವರ್ಷದ ಹಿಂದೆ ಪೆಟ್ರೋಲ್ ಗಾಡಿಯಲ್ಲಿ ಬರೆದಿಟ್ಟ ಅಂಕಿಯನ್ನು ಇವತ್ತಿನ ಅಂಕಿ ಜೊತೆ ಹೋಲಿಸಬೇಡಿ. ಎರಡನ್ನೂ ಇವತ್ತೇ ಅಳೆಯಿರಿ.

ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವವರಿಗೆ

ಮಾರುವವರು ಗಾಡಿಯನ್ನು ಎರಡು ದಿನ ನಿಮ್ಮ ಕೈಗೆ ಕೊಡುವುದಿಲ್ಲ. ಒಂದು ಗಂಟೆ ಸಿಕ್ಕರೂ ಸಾಕು. ಮೊದಲು ಬ್ರೇಕ್ ಬಿಸಿಯ ಪರೀಕ್ಷೆ ಮಾಡಿ. ಡಿಸ್‌ಪ್ಲೇ ಇದ್ದರೆ ಆವರೇಜ್ ಸೊನ್ನೆ ಮಾಡಿ 80ರಲ್ಲಿ ಒಂದಿಷ್ಟು ದೂರ ಹೋಗಿ ಬನ್ನಿ. ಅದೇ ಮಾದರಿಯ ಇನ್ನೆರಡು ಗಾಡಿಗಳಲ್ಲೂ ಹಾಗೇ ಮಾಡಿದರೆ ಯಾವುದು ಮಂಕಾಗಿದೆ ಅಂತ ಗೊತ್ತಾಗುತ್ತದೆ. ಮೀಟರಿನ ಕಿಲೋಮೀಟರನ್ನು ಸರ್ವೀಸ್ ಬಿಲ್ಲುಗಳ ಜೊತೆ ತಾಳೆ ನೋಡಿ.

ಬಿಎಸ್-6 ಡೀಸೆಲ್ ಆಗಿದ್ದು, ಮಾರುವವರು "ಇದು ಬೇರೆಯವಕ್ಕಿಂತ ಎರಡು ಕಿಲೋಮೀಟರ್ ಜಾಸ್ತಿ ಕೊಡುತ್ತೆ" ಅಂದರೆ ಎಚ್ಚರವಾಗಿರಿ. ಕೆಲವರು ಡಿಪಿಎಫ್ ತೆಗೆಸಿ, ಕಂಪ್ಯೂಟರ್‌ನಲ್ಲಿ ಎಂಜಿನ್‌ನ ಲೆಕ್ಕ ತಿದ್ದಿಸಿರುತ್ತಾರೆ. ಅದು ಕಾನೂನಿಗೆ ವಿರುದ್ಧ, ನಿಮ್ಮ ಹಿಂದೆ ಬೈಕಿನಲ್ಲಿ ಬರುವವರು ಆ ಮಸಿ ಉಸಿರಾಡುತ್ತಾರೆ. ಗಾಡಿ ಪೂರ್ತಿ ತಣ್ಣಗಾದ ಮೇಲೆ ಸೈಲೆನ್ಸರ್ ಕೊಳವೆಯೊಳಗೆ ಒಂದು ಬಿಳಿ ಬಟ್ಟೆ ಹಾಕಿ ಒರೆಸಿ. ಜಾಲರಿ ಸರಿಯಿರುವ ಗಾಡಿಯಲ್ಲಿ ಬಟ್ಟೆ ಹೆಚ್ಚು ಕಡಿಮೆ ಬಿಳಿಯಾಗೇ ಹೊರಗೆ ಬರುತ್ತದೆ. ಕಪ್ಪು ಮಸಿ ಮೆತ್ತಿಕೊಂಡರೆ ಅಡ್ವಾನ್ಸ್ ಕೊಡಬೇಡಿ, ಮೊದಲು ಕಂಪನಿ ಸರ್ವೀಸ್ ಸೆಂಟರ್‌ನಲ್ಲಿ ತೋರಿಸಿ.